ಅಪ್ಪ-ಅವ್ವನ ಜೊತೆ ಒಂದೇ ದಿನ: ಎಲಿಫೆಂಟಾಗೆ ಹೋಗೋದಾ, ಕಾನ್ಹೇರಿಗಾ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಡಿಸೆಂಬರ್‌ನಲ್ಲಿ ಗದಗದಿಂದ ಅಪ್ಪ-ಅವ್ವ ಬರುತ್ತಿದ್ದಾರೆ. ಅಪ್ಪ ರಿಟೈರ್ಡ್ ಮಾಸ್ತರು, ಶಾಸನ ಅಂದರೆ ಪ್ರಾಣ. ಅವ್ವನಿಗೆ ಮೊಣಕಾಲು ನೋವು. ಮಗನಿಗೆ ಒಂಬತ್ತು ವರ್ಷ, ಅವನಿಗೆ ಕಾಡು, ಪ್ರಾಣಿ ಬೇಕು. ಎಲ್ಲರಿಗೂ ಬಿಡುವು ಸಿಗೋದು ಒಂದೇ ದಿನ. ದ್ವೀಪ, ಕಾಡು, ಹಳೆಯ ಗುಹೆ ಮೂರೂ ಒಟ್ಟಿಗೆ ಸಿಗುತ್ತದೆ ಅಂತ ಎಲಿಫೆಂಟಾಗೆ ಹೋಗೋಣ ಅಂದುಕೊಂಡಿದ್ದೆವು. ಪಕ್ಕದ ಮನೆಯವರು ಬೊರಿವಲಿ ನ್ಯಾಷನಲ್ ಪಾರ್ಕೇ ವಾಸಿ ಅಂತಾರೆ. ಅಲ್ಲಿ ಪಿಕ್‌ನಿಕ್ ಬಿಟ್ಟು ಬೇರೇನಾದರೂ ಇದೆಯಾ? ಯಾವುದಕ್ಕೆ ಹೋಗೋಣ?

ಉತ್ತರ: ಬೊರಿವಲಿಗೇ ಹೋಗಿ. ಪಕ್ಕದ ಮನೆಯವರು ಸರಿಯಾಗೇ ಹೇಳಿದ್ದಾರೆ. ಎಲಿಫೆಂಟಾ ಕಡಿಮೆ ಅಂತಲ್ಲ. ಆದರೆ ಶಾಸನ, ಕಾಡು, ಮೊಣಕಾಲು ಈ ಮೂರನ್ನೂ ಒಂದೇ ದಿನದಲ್ಲಿ ನಿಭಾಯಿಸೋಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಅದರೊಳಗಿನ ಕಾನ್ಹೇರಿ ಗುಹೆಗಳು ಹೆಚ್ಚು ಹೊಂದುತ್ತವೆ.

ದ್ವೀಪದ ಆಸೆಯನ್ನೂ ಬಿಡಬೇಕಾಗಿಲ್ಲ. ಈ ಪಾರ್ಕ್ ಇರೋದು ದ್ವೀಪದ ಮೇಲೇ. ಲೋಕಲ್‌ನಲ್ಲಿ ಕಳವಾ ದಾಟಿ ಠಾಣೆಗೆ ಬರುವಾಗ ಸೇತುವೆಯ ಕೆಳಗೆ ಖಾಡಿ, ಅಂದರೆ ಸಮುದ್ರದ ಹಿನ್ನೀರು ಕಾಣುತ್ತದೆ, ಅಲ್ವಾ? ಅಲ್ಲಿಂದ ಈಚೆಗೆ ಸಾಷ್ಟಿ ದ್ವೀಪ. ಪೂರ್ವಕ್ಕೆ ಠಾಣೆ ಖಾಡಿ, ಉತ್ತರಕ್ಕೆ ವಸಾಯಿ ಖಾಡಿ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ದಕ್ಷಿಣದಲ್ಲಿ ಹಳೆಯ ಮುಂಬೈಯ ಏಳು ದ್ವೀಪಗಳ ಜೊತೆ ಸೇರಿಕೊಂಡುಬಿಟ್ಟಿದೆ. ಅಂಧೇರಿ, ಮುಲುಂಡ್, ಬೊರಿವಲಿ ಎಲ್ಲ ಈ ದ್ವೀಪದ ಅಂಚಿನಲ್ಲಿ ಬೆಳೆದ ಊರುಗಳು. ನಟ್ಟನಡುವೆ ಗುಡ್ಡ, ಕಾಡು ಉಳಿದುಕೊಂಡಿದೆ. ಅದೇ ಸುಮಾರು 104 ಚದರ ಕಿಲೋಮೀಟರಿನ ಪಾರ್ಕ್.

ಪಿಕ್‌ನಿಕ್ ಬಿಟ್ಟು ಬೇರೇನಿದೆ ಅಂತ ಕೇಳಿದ್ದೀರಿ. ಗೇಟಿನ ಹತ್ತಿರ ಗಲಾಟೆ ಜಾಸ್ತಿ ಅನ್ನೋದು ನಿಜ. ಎಷ್ಟೋ ಜನ ಅಲ್ಲೇ ಸುತ್ತಾಡಿ ವಾಪಸ್ ಬರುತ್ತಾರೆ. ಅಲ್ಲಿಂದ ಸುಮಾರು 6 ಕಿಲೋಮೀಟರ್ ಒಳಗೆ ಒಂದೇ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಲೆಕ್ಕ 109 ಅನ್ನುತ್ತಾರೆ. ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗೆ ಕೊರೆಯೋಕೆ ಶುರು ಮಾಡಿದ ಬೌದ್ಧ ಭಿಕ್ಷುಗಳ ನೆಲೆ ಇದು. ಸುಮಾರು ಸಾವಿರ ವರ್ಷ ಇಲ್ಲಿ ಜನವಸತಿ ಇತ್ತು. ಅಜಂತಾ, ಎಲ್ಲೋರಾ ನೋಡಿ ಬಂದವರು ಇಲ್ಲಿ ಅಂಥ ಚೆಲುವು ಇಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಇದು ಜನ ಇದ್ದು, ಉಂಡು, ಮಲಗಿ, ಓದಿದ ಊರು. ಊರನ್ನು ನೋಡುವ ಹಾಗೆ ನೋಡಬೇಕು. ಅದಕ್ಕೆ ಸುಲಭದ ದಾರಿ, ನೀರಿನ ಜಾಡು ಹಿಡಿದು ಹೋಗೋದು.

ಮೊದಲ ಗುಹೆಗಳ ಹತ್ತಿರವೇ ಮಗನಿಗೆ ಒಂದು ಕೆಲಸ ಕೊಡಿ. ಪ್ರತಿ ಗುಹೆಯ ಮುಂದೆ, ಅಂಗಳದ ಒಂದು ಮಗ್ಗುಲಲ್ಲಿ, ಕಲ್ಲಿನಲ್ಲೇ ಕೊರೆದ ತೊಟ್ಟಿ ಇದೆಯಾ ಅಂತ ಹುಡುಕಲಿ. ಹೆಚ್ಚುಕಡಿಮೆ ಎಲ್ಲ ಕಡೆ ಸಿಗುತ್ತದೆ. ಮೇಲಿನಿಂದ ನೋಡಿದರೆ ಚೌಕಾಕಾರದ ಸಣ್ಣ ಬಾಯಿ. ಒಳಗೆ ಬಗ್ಗಿದರೆ ಅಂಗಳದ ಅಡಿಗೂ ಚಾಚಿಕೊಂಡ ದೊಡ್ಡ ಹೊಟ್ಟೆ. ಬಾಯಿ ಸಣ್ಣದಾದರೆ ಬಿಸಿಲು ಕಡಿಮೆ ಬೀಳುತ್ತದೆ, ನೀರು ಬೇಗ ಆರೋದಿಲ್ಲ. ಆಮೇಲೆ ಗುಹೆಯ ನೆತ್ತಿಯ ಬಂಡೆ ನೋಡಿ. ಬೆರಳಗಲ, ಅಂಗೈಯಗಲದ ಗೀರುಗಳು ಕಾಣುತ್ತವೆ. ಮಳೆನೀರು ಬಾಗಿಲ ಮುಂದೆ ಸುರಿಯದೆ ಪಕ್ಕಕ್ಕೆ ಹರಿದು ತೊಟ್ಟಿ ಸೇರಲಿ ಅಂತ ಉಳಿಯಲ್ಲಿ ಕೊರೆದ ಕಾಲುವೆಗಳವು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಉಳಿದ ಎಂಟು ತಿಂಗಳು ಬಹುತೇಕ ಒಣ. ನಾಲ್ಕು ತಿಂಗಳ ನೀರನ್ನು ಹಿಡಿದಿಟ್ಟುಕೊಳ್ಳದಿದ್ದರೆ ಇಷ್ಟು ಜನ ಈ ಗುಡ್ಡದಲ್ಲಿ ಬದುಕೋಕೆ ಆಗುತ್ತಲೇ ಇರಲಿಲ್ಲ. ಹಳ್ಳಕ್ಕೆ ಅಡ್ಡವಾಗಿ ಕಟ್ಟಿದ್ದ ಹಳೆಯ ಒಡ್ಡಿನ ಗುರುತೂ ಇಲ್ಲಿ ಸಿಕ್ಕಿದೆ.

ಈ ತೊಟ್ಟಿಗಳು ಸುಮ್ಮನೆ ಆದವಲ್ಲ. ಒಂದೊಂದನ್ನೂ ಯಾರೋ ದುಡ್ಡು ಕೊಟ್ಟು ಕೊರೆಸಿದ್ದಾರೆ, ಹೆಸರನ್ನೂ ಕೆತ್ತಿಸಿದ್ದಾರೆ. ನಿಮ್ಮ ತಂದೆಯವರಿಗೆ ಹಬ್ಬ ಶುರುವಾಗೋದು ಇಲ್ಲಿಂದ. ಕಾನ್ಹೇರಿಯ ಬ್ರಾಹ್ಮಿ ಶಾಸನಗಳಲ್ಲಿ ಸೋಪಾರಾ, ಚೌಲ್, ನಾಸಿಕ್, ಕಲ್ಯಾಣದ ದಾನಿಗಳು ಬರುತ್ತಾರೆ. ಕಲ್ಯಾಣ ಅಂದರೆ ನಿಮ್ಮ ಮನೆಯಿಂದ ಎರಡನೇ ಸ್ಟೇಷನ್! ಆಗ ಅದು ದೊಡ್ಡ ಬಂದರು. ಅಲ್ಲಿನ ವ್ಯಾಪಾರಿಗಳು, ಕಮ್ಮಾರರು, ಅಕ್ಕಸಾಲಿಗರು ಇಲ್ಲಿಗೆ ದಾನ ಕೊಟ್ಟಿದ್ದಾರೆ. ಅಕ್ಕಸಾಲಿಗನೊಬ್ಬ ಕೊಟ್ಟಿದ್ದು ಕುಡಿಯುವ ನೀರಿನ ತೊಟ್ಟಿಯನ್ನೇ. ಮತ್ತೊಂದು ತೊಟ್ಟಿಯ ಹತ್ತಿರ ಶಾತವಾಹನ ದೊರೆ ವಾಸಿಷ್ಠೀಪುತ್ರ ಶಾತಕರ್ಣಿಯ ರಾಣಿಯ ಉಲ್ಲೇಖವಿದೆ. ಆಕೆ ಪಶ್ಚಿಮ ಭಾರತವನ್ನು ಆಳುತ್ತಿದ್ದ ಕ್ಷತ್ರಪ ವಂಶದ ದೊರೆಯ ಮಗಳು. ಶಾತವಾಹನರು, ಕ್ಷತ್ರಪರು ಹೊಡೆದಾಡುತ್ತಿದ್ದ ಕಾಲದಲ್ಲಿ ಅವರ ನಡುವೆ ಬೀಗತನವೂ ಇತ್ತು ಅನ್ನೋದಕ್ಕೆ ಈ ನೀರಿನ ತೊಟ್ಟಿ ಸಾಕ್ಷಿ. ಇಂಥದ್ದನ್ನು ಕಂಡರೆ ನನಗೆ ಇವತ್ತಿಗೂ ಮೈ ನವಿರೇಳುತ್ತದೆ.

ಇನ್ನು ಕನ್ನಡಿಗರು ತಪ್ಪದೇ ನೋಡಬೇಕಾದ ಜಾಗ 11ನೇ ಗುಹೆ. ಇದನ್ನು ದರ್ಬಾರ್ ಗುಹೆ ಅನ್ನುತ್ತಾರೆ. ಒಳಗೆ ಹೋದರೆ ನೆಲದಲ್ಲಿ ಉದ್ದಕ್ಕೆ ಎರಡು ಕಲ್ಲಿನ ಜಗಲಿಗಳು, ಎತ್ತರ ಬಹಳ ಕಡಿಮೆ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಹಾಕಿದ ಹಾಗೆ ಕಾಣುತ್ತದೆ. ಭಿಕ್ಷುಗಳು ಎದುರುಬದುರು ಕೂತು ಓದಿದರೋ, ಉಂಡರೋ, ಚರ್ಚೆ ಮಾಡಿದರೋ, ಎಲ್ಲದಕ್ಕೂ ಹೊಂದುವ ಜಾಗ. ಎಲ್ಲೋರಾದ 5ನೇ ಗುಹೆಯಲ್ಲೂ ಇಂಥದ್ದೇ ಜೋಡಿ ಜಗಲಿ ಇದೆ.

ಒಳಗೆ ಹೋಗುವ ಮುಂಚೆ ವರಾಂಡದಲ್ಲಿ ನಿಂತು ಕಂಬಗಳ ಮೇಲಿನ ತೊಲೆಯ ಕಡೆ ಕತ್ತೆತ್ತಿ ನೋಡಿ. ಅಲ್ಲೊಂದು ಸಂಸ್ಕೃತ ಶಾಸನವಿದೆ. ಅದರಲ್ಲಿ ನಮ್ಮ ಅಮೋಘವರ್ಷನ ಹೆಸರಿದೆ. ಹೌದು, ಮಾನ್ಯಖೇಟದ ರಾಷ್ಟ್ರಕೂಟ ದೊರೆ, ನೃಪತುಂಗ. ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು ಆಳಿದವನ ಹೆಸರು ಬೊರಿವಲಿಯ ಕಾಡಿನ ಬಂಡೆಯ ಮೇಲೆ! ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು, ರಾಷ್ಟ್ರಕೂಟರ ಸಾಮಂತರು. ಅವರಲ್ಲಿ ಪುಲ್ಲಶಕ್ತಿ, ಕಪರ್ದಿ ಎಂಬಿಬ್ಬರ ಕಾಲದ, 843ರಿಂದ 877ರ ನಡುವಿನ ಮೂರು ಶಾಸನಗಳು ಕಾನ್ಹೇರಿಯಲ್ಲಿವೆ. ಮೂರರಲ್ಲೂ ಒಡೆಯ ಅಮೋಘವರ್ಷನೇ. ದರ್ಬಾರ್ ಗುಹೆಯ ಶಾಸನದ ದಾನಿ ಬಂಗಾಳದಿಂದ, ಅಂದರೆ ಆಗಿನ ಗೌಡ ದೇಶದಿಂದ ಬಂದವನು. ಭಿಕ್ಷುಗಳಿಗಾಗಿ ನೂರು ದ್ರಮ್ಮ (ಆಗಿನ ನಾಣ್ಯ) ಕೊಟ್ಟ. ಇನ್ನೊಂದು ಶಾಸನದಲ್ಲಿ ದಾನದ ಹಣದಲ್ಲಿ ದುರಸ್ತಿಗೆ, ಬಟ್ಟೆಗೆ ಪಾಲು ಇಟ್ಟ ಹಾಗೆ ಪುಸ್ತಕಕ್ಕೂ ಒಂದಿಷ್ಟು ತೆಗೆದಿಟ್ಟಿದ್ದಾರೆ. ದೊರೆ ಜೈನರ ಪೋಷಕ, ಸಾಮಂತರು ಶಿವಭಕ್ತರು, ಜಾಗ ಬೌದ್ಧರದು, ದಾನಿ ಬಂಗಾಳದವನು. ಇದನ್ನು ನಿಮ್ಮ ತಂದೆಯವರು ಮೊಮ್ಮಗನಿಗೆ ಅಲ್ಲೇ ನಿಂತು ಹೇಳಿದರೆ ಶಾಲೆಯ ಪಾಠಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ಅಕ್ಷರ ಸವೆದಿದೆ, ದೂರದಿಂದ ಸುಲಭವಾಗಿ ಕಾಣೋದಿಲ್ಲ. ಸಣ್ಣ ದುರ್ಬೀನು ಇದ್ದರೆ ತನ್ನಿ. ಬೆಳಗಿನ ಓರೆ ಬಿಸಿಲಿನಲ್ಲಿ ಗೀರುಗಳು ಎದ್ದು ಕಾಣುತ್ತವೆ. ನೀರು ಚಿಮುಕಿಸಿ, ಸುಣ್ಣದಕಡ್ಡಿ ತೀಡಿ ಓದುವ ಹಳೆಯ ಅಭ್ಯಾಸ ಕೆಲವರಿಗೆ ಇನ್ನೂ ಇದೆ. ದಯವಿಟ್ಟು ಬೇಡ. ಕಲ್ಲು ಹಾಳಾಗುತ್ತದೆ.

ಈಗ ಅವ್ವನ ಮೊಣಕಾಲಿನ ವಿಷಯ. ಗೇಟಿನಿಂದ ಗುಹೆಗಳವರೆಗೆ ಪಾರ್ಕಿನ ಒಳಗೇ ಬಸ್ ಓಡುತ್ತದೆ. ನಡೆಯೋದು ಬೇಡ. ಬಸ್ ಇಳಿದ ಮೇಲೆ ಒಂದಿಷ್ಟು ಮೆಟ್ಟಿಲು ಹತ್ತಲೇಬೇಕು, ನಿಧಾನಕ್ಕೆ ಹತ್ತಿಸಿ. ಹತ್ತಿದ ಕೂಡಲೇ 1, 2, 3ನೇ ಗುಹೆಗಳು ಸಾಲಾಗಿ ಸಿಗುತ್ತವೆ. 3ನೇ ಗುಹೆ ಒಂದನ್ನೇ ನೋಡಿದರೂ ಬಂದದ್ದು ಸಾರ್ಥಕ. ದೊಡ್ಡ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ, ಉದ್ದ ಸುಮಾರು 26 ಮೀಟರ್, ಸುತ್ತ 34 ಕಂಬ, ಕೊನೆಯಲ್ಲಿ ಸ್ತೂಪ. ಯಜ್ಞಶ್ರೀ ಶಾತಕರ್ಣಿಯ ಕಾಲದಲ್ಲಿ, 2ನೇ ಶತಮಾನದ ಕೊನೆಯ ಹೊತ್ತಿಗೆ, ವ್ಯಾಪಾರಿ ಅಣ್ಣತಮ್ಮಂದಿರು ಮಾಡಿಸಿದ್ದು. ಕಂಬಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಕೆಲವಕ್ಕೆ ಬುಡದಲ್ಲಿ ಕುಂಭ, ನೆತ್ತಿಯಲ್ಲಿ ಆನೆಗಳು. ಕೆಲವು ಬರೀ ಬೋಳು. ಕೆಲಸ ನಡುವೆಯೇ ನಿಂತುಹೋಗಿದೆ. ಲೋಣಾವಳಾ ಹತ್ತಿರದ ಕಾರ್ಲಾ ನೋಡಿದ್ದರೆ ಅಲ್ಲಿನ ಚಾವಣಿಯ ಮರದ ಕಮಾನುಗಳು ನೆನಪಿರಬಹುದು. ಇಲ್ಲಿ ಆ ಮರ ಹೋಗಿದೆ. ವರಾಂಡದ ಎರಡು ತುದಿಯಲ್ಲಿ ನಿಂತ ಬುದ್ಧ, ಒಂದೊಂದೂ ಸುಮಾರು 7 ಮೀಟರ್ ಎತ್ತರ. ಇವು ಚೈತ್ಯ ಆಗಿ ಕೆಲವು ಶತಮಾನ ಕಳೆದ ಮೇಲೆ ಕೆತ್ತಿದವು. ಪಕ್ಕದಲ್ಲಿ ಗಂಡ-ಹೆಂಡತಿ ಜೋಡಿಗಳ ಶಿಲ್ಪವಿದೆ, ಅವರ ಓಲೆ, ಬಳೆ, ರುಮಾಲು ನೋಡೋಕೆ ಅವ್ವನಿಗೆ ಖುಷಿಯಾಗುತ್ತದೆ.

ಅಲ್ಲಿಂದ ಮುಂದಿನ ಮೆಟ್ಟಿಲು ಅವರಿಗೆ ಬೇಡ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು, ಕೆಲವು ಕಡೆ ಎತ್ತರ, ಹಿಡಿದುಕೊಳ್ಳೋಕೆ ಕಂಬಿಯೂ ಎಲ್ಲ ಕಡೆ ಇಲ್ಲ. ಯಾರಾದರೂ ಒಬ್ಬರು ಅವರ ಜೊತೆ ಚೈತ್ಯದ ಹತ್ತಿರ ನೆರಳಿನಲ್ಲಿ ಕೂತಿರಿ. ಉಳಿದವರು 11ಕ್ಕೆ ಹೋಗಿ ಬನ್ನಿ. ಕೆಳಗೆ ಒಂದು ಹಳ್ಳ, ಡಿಸೆಂಬರ್‌ನಲ್ಲಿ ನೀರು ಅಷ್ಟಾಗಿ ಇರೋದಿಲ್ಲ. ಶಕ್ತಿ ಇದ್ದರೆ 41ಕ್ಕೆ ಹೋಗಿ, ಹನ್ನೊಂದು ತಲೆಯ ಬೋಧಿಸತ್ವ ಅವಲೋಕಿತೇಶ್ವರ ಇದ್ದಾನೆ, ಭಾರತದಲ್ಲಿ ತೀರಾ ಅಪರೂಪ. 34ರಲ್ಲಿ ಚಾವಣಿಯ ಮೇಲೆ ಅರ್ಧಕ್ಕೆ ಬಿಟ್ಟ ಬಣ್ಣದ ಚಿತ್ರದ ಗುರುತುಗಳಿವೆ. 90 ಇನ್ನೊಂದು ಕಡೆ, ಹೆಚ್ಚು ನಡಿಗೆ. ಆದರೆ ಶಾಸನದ ಹುಚ್ಚಿರುವವರಿಗೆ ಅದು ಬೇಕೇ ಬೇಕು. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರ್ಸಿಗಳು ತಮ್ಮ ಹೆಸರುಗಳನ್ನು ಇರಾನಿನ ಹಳೆಯ ಪಹ್ಲವಿ ಲಿಪಿಯಲ್ಲಿ ಅಲ್ಲಿ ಕೆತ್ತಿಸಿದ್ದಾರೆ. ಆ ಸಮುದಾಯ ಪಶ್ಚಿಮ ಕರಾವಳಿಯಲ್ಲಿ ಇತ್ತು ಅನ್ನೋದಕ್ಕೆ ಇಷ್ಟು ಹಳೆಯ, ತಾರೀಖು ಸಮೇತ ಇರುವ ಪುರಾವೆ ಬಹಳ ಕಡಿಮೆ.

ಮಗನ ಕಾಡಿನ ಬಗ್ಗೆ ಹೇಳಬೇಕು. ಈ ಪಾರ್ಕ್ ಚಿರತೆಗೆ ಹೆಸರಾದದ್ದು. ಆದರೆ ಹಗಲಿನಲ್ಲಿ ಗುಹೆ ನೋಡೋಕೆ ಹೋದವರಿಗೆ ಅದು ಕಾಣೋದು ಇಲ್ಲವೇ ಇಲ್ಲ ಅನ್ನಬಹುದು. ಅವನಿಗೆ ಮುಂಚೆಯೇ ಹೇಳಿಬಿಡಿ. ಬದಲಿಗೆ ಬಸ್ಸಿನ ಕಿಟಕಿಯಿಂದ ಜಿಂಕೆ ನೋಡಲಿ. ಮರಗಳ ನಡುವೆ ಬಲೆ ಕಟ್ಟಿದ ದೊಡ್ಡ ಕಾಡು ಜೇಡ ಹುಡುಕಲಿ. ಹಳದಿ ಹೊಳಪಿನ ಆ ಬಲೆ ಬಿಸಿಲಿಗೆ ಬಂಗಾರದ ಎಳೆಯ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ 250ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ, ಚಳಿಗಾಲದಲ್ಲಿ ವಲಸೆಯವೂ ಸೇರುತ್ತವೆ. ಬೆಳಗ್ಗೆ ಬೇಗ ಬಂದಷ್ಟೂ ಜಾಸ್ತಿ ಕಾಣುತ್ತವೆ. ಹೊಂಗೆ, ತೇಗ, ಬೂರುಗ, ಮುತ್ತುಗ ಎಲ್ಲ ಅಜ್ಜನಿಗೇ ಗೊತ್ತಿರುವ ಮರಗಳು. ಇಳಿಜಾರಿನಲ್ಲಿ ಒತ್ತೊತ್ತಾಗಿ ಬೆಳೆದ ಪೊದೆ ಕಾರ್ವಿ, ನೀಲಕುರಿಂಜಿಯ ಬಳಗದ್ದು. ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುವಂತೆ ಹೂ ಬಿಡುತ್ತದೆ. ಇಲ್ಲಿ 2024ರಲ್ಲಿ ಬಿಟ್ಟಿತ್ತು, ಇನ್ನು 2032ಕ್ಕೇ. ಹುಲಿ-ಸಿಂಹ ಸಫಾರಿ ಗೇಟಿನ ಹತ್ತಿರವೇ ಇದೆ. ಅದು ಬೇಲಿ ಹಾಕಿದ ಜಾಗದೊಳಗಿನ ಪ್ರಾಣಿಗಳನ್ನು ಬಸ್ಸಿನಿಂದ ತೋರಿಸುವ ವ್ಯವಸ್ಥೆ. ಬೆಳಗಿನ ಒಳ್ಳೆಯ ಹೊತ್ತನ್ನು ಅದಕ್ಕೆ ಕಳೆಯಬೇಡಿ ಅನ್ನೋದು ನನ್ನ ಅಭಿಪ್ರಾಯ. ಹಟ ಮಾಡಿದರೆ ಮಧ್ಯಾಹ್ನ ವಾಪಸ್ ಬರುವಾಗ ನೋಡಿ.

ಅವನಿಗೆ ಮನೆಯ ನಲ್ಲಿಯ ಕಥೆಯನ್ನೂ ಹೇಳಿ. ಈ ಕಾಡಿನಲ್ಲೇ ವಿಹಾರ್, ತುಳಸಿ ಅಂತ ಎರಡು ಕೆರೆಗಳಿವೆ. 1860ರಲ್ಲಿ ವಿಹಾರ್‌ನಿಂದಲೇ ಮುಂಬೈಗೆ ಮೊದಲ ಸಲ ಕೊಳವೆ ನೀರು ಬಂದದ್ದು. ತುಳಸಿ 1879ಕ್ಕೆ ಮುಗಿಯಿತು. ಇವತ್ತೂ ನಗರಕ್ಕೆ ನೀರು ಕೊಡುವ ಏಳು ಕೆರೆಗಳಲ್ಲಿ ಊರಿನ ಗಡಿಯೊಳಗೆ ಇರೋದು ಈ ಎರಡೇ. ಭಿಕ್ಷುಗಳು ಯಾವ ಮಳೆಯನ್ನು ಬಂಡೆಯಲ್ಲಿ ಹಿಡಿದರೋ, ಅದೇ ಗುಡ್ಡಗಳ ಮಳೆಯನ್ನು ಮುಂಬೈ ಕೆರೆಯಲ್ಲಿ ಹಿಡಿಯಿತು. ಕಾಡು ಹೋದರೆ ಕೆರೆಗೆ ಹೂಳು ತುಂಬುತ್ತದೆ. ಸುತ್ತಲೂ ಇಷ್ಟು ಕಟ್ಟಡ ಎದ್ದರೂ ನಡುವೆ ಈ ಕಾಡು ಉಳಿದದ್ದಕ್ಕೆ ಈ ಕೆರೆಗಳ ಕಾವಲು ಒಂದು ದೊಡ್ಡ ಕಾರಣ. ತುಳಸಿ ಕೆರೆಯ ಹತ್ತಿರಕ್ಕೆ ಸುಮ್ಮನೆ ಹೋಗೋಕೆ ಬಿಡೋದಿಲ್ಲ, ಪ್ರಯತ್ನವೂ ಬೇಡ. ಕಾಡಿನೊಳಗೆ ವಾರ್ಲಿ, ಕೋಕಣಾ ಆದಿವಾಸಿಗಳ ಪಾಡಾಗಳು, ಅಂದರೆ ಪುಟ್ಟ ಹಾಡಿಗಳಿವೆ. ಅವು ಅವರ ಮನೆಗಳು. ಕೇಳದೆ ಫೋಟೊ ತೆಗೆಯಬೇಡಿ.

ಹೋಗುವ ದಾರಿ. ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿಯೋದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿನ ಸೇತುವೆಯ ಮೆಟ್ಟಿಲು, ನೂಕುನುಗ್ಗಲು ಅವ್ವನಿಗೆ ಕಷ್ಟ. ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೊ ಹತ್ತಿ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದ ಗುಂದವಲಿಗೆ ಮೇಲುಸೇತುವೆಯಲ್ಲೇ ಹೋಗಬಹುದು. ಅಲ್ಲಿಂದ ಇನ್ನೊಂದು ಮೆಟ್ರೊ, ಇಳಿಯೋದು ರಾಷ್ಟ್ರೀಯ ಉದ್ಯಾನ ಸ್ಟೇಷನ್. ಲಿಫ್ಟ್, ಎಸ್ಕಲೇಟರ್ ಇವೆ, ಪಾರ್ಕಿನ ಗೇಟು ಹತ್ತಿರ. ಬೆಳಗ್ಗೆ ಏಳೂವರೆಗೆ ಪಾರ್ಕ್ ತೆಗೆಯುತ್ತದೆ. ಸೋಮವಾರ ರಜೆ. ಭಾನುವಾರ ಬಸ್ಸಿಗೂ ಕ್ಯೂ ನಿಲ್ಲಬೇಕಾಗುತ್ತದೆ, ಹಾಗಾಗಿ ಸಾಧ್ಯವಿದ್ದರೆ ವಾರದ ಬೇರೆ ದಿನ ರಜೆ ಹಾಕಿ. ಪಾರ್ಕಿಗೆ ಒಂದು ಟಿಕೆಟ್, ಗುಹೆಗಳಿಗೆ ಪುರಾತತ್ವ ಇಲಾಖೆಯ ಬೇರೆ ಟಿಕೆಟ್. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಗುಹೆಯ ಟಿಕೆಟ್ ಬೇಡ. ಗುಹೆಯ ಹತ್ತಿರ ಇಳಿದ ಕೂಡಲೇ ಕೊನೆಯ ವಾಪಸ್ ಬಸ್ ಎಷ್ಟಕ್ಕೆ ಅಂತ ಕೇಳಿಟ್ಟುಕೊಳ್ಳಿ. ಕತ್ತಲಾಗುವ ಮುಂಚೆ ಗೇಟಿನ ಹೊರಗಿರಬೇಕು, ಇದರಲ್ಲಿ ರಾಜಿ ಬೇಡ.

ಊಟಕ್ಕೆ ಅವ್ವ ತಂದಿರುವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ಆದರೆ ಗುಹೆಗಳ ಹತ್ತಿರ ಬಿಚ್ಚಬೇಡಿ. ಕೋತಿಗಳು ಕೈಯಿಂದಲೇ ಕಸಿಯುತ್ತವೆ, ವಯಸ್ಸಾದವರು ಗಾಬರಿಯಲ್ಲಿ ಕಲ್ಲಿನ ಮೇಲೆ ಬೀಳುವ ಅಪಾಯ ಇದೆ. ಕೆಳಗೆ ಬಂದು ಉಣ್ಣಿ. ಪ್ಲಾಸ್ಟಿಕ್ ಬಿಟ್ಟು ಸ್ಟೀಲ್ ಬಾಟಲಿಯಲ್ಲಿ ನೀರು ತನ್ನಿ.

ಎಲಿಫೆಂಟಾ ಬಗ್ಗೆಯೂ ಎರಡು ಮಾತು, ಯಾಕಂದರೆ ಇನ್ನೊಂದು ದಿನ ಸಿಕ್ಕರೆ ಹೋಗಲೇಬೇಕು. ಶಾಸನಕ್ಕೆ ಕಾನ್ಹೇರಿ, ಶಿಲ್ಪಕ್ಕೆ ಎಲಿಫೆಂಟಾ. 6ನೇ ಶತಮಾನದ ಆ ಶಿವನ ಗುಹೆಯಲ್ಲಿ ಮೂರು ಮುಖದ ಸದಾಶಿವನ ಮುಂದೆ ನಿಂತರೆ ಮಾತು ಹೊರಡೋದಿಲ್ಲ. ನಿಮ್ಮ ಎಡಗಡೆಯ ಮುಖ ಉಗ್ರ, ಕೈಯಲ್ಲಿ ಹಾವು. ಬಲಗಡೆಯದು ಉಮೆಯ ಸೌಮ್ಯ ಮುಖ, ಕೈಯಲ್ಲಿ ಕಮಲ. ನಡುವಿನದು ಕಣ್ಣು ಮುಚ್ಚಿ ಶಾಂತ. ಬಾದಾಮಿಯ ಮೊದಲ ಗುಹೆಯ ಅರ್ಧನಾರೀಶ್ವರ, ನಟರಾಜ ನೋಡಿದ ಗದಗದವರಿಗೆ ಇಲ್ಲಿನ ಅರ್ಧನಾರೀಶ್ವರನನ್ನು, ಗಂಗಾಧರನನ್ನು ಹೋಲಿಸಿ ನೋಡೋದೇ ಒಂದು ಸುಖ. ಅಪ್ಪನವರಿಗೆ ಅಲ್ಲೂ ಒಂದು ಎಳೆ ಇದೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಿಕೇಶಿ ಹಡಗುಗಳಲ್ಲಿ ಹೋಗಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಗೆದ್ದ ಅನ್ನುತ್ತಾನೆ. ಆ ಪುರಿ ಈ ಘಾರಾಪುರಿಯೇ (ಎಲಿಫೆಂಟಾ ದ್ವೀಪದ ಊರಿನ ಹೆಸರು) ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಬೇರೆ ಜಾಗ ಅನ್ನುವವರೂ ಇದ್ದಾರೆ. ಗುಹೆಯಲ್ಲಿದ್ದ ಶಾಸನವನ್ನು ಪೋರ್ಚುಗೀಸರು ಕಿತ್ತು ಸಮುದ್ರದಾಚೆ ಕಳಿಸಿದರು, ಅದು ಮತ್ತೆ ಸಿಗಲೇ ಇಲ್ಲ. ಹಾಗಾಗಿ ಕಟ್ಟಿಸಿದವರು ಯಾರು ಅನ್ನೋ ವಾದ ಮುಗಿದಿಲ್ಲ. ಕಲಚುರಿ ಕೃಷ್ಣರಾಜನ ನಾಣ್ಯಗಳು ದ್ವೀಪದಲ್ಲಿ ಸಿಕ್ಕಿರೋದರಿಂದ ಅವನ ಕಡೆಗೆ ವಾಲುವವರು ಜಾಸ್ತಿ.

ಅಲ್ಲಿಗೆ ಹೋಗೋದಾದರೆ ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ಗಂಟೆ. ಜೆಟ್ಟಿಯಿಂದ ಒಳಗೆ ಪುಟ್ಟ ರೈಲು ಓಡುತ್ತದೆ, ಆಮೇಲೆ ಸುಮಾರು 120 ಮೆಟ್ಟಿಲು. ಅವ್ವನಿಗೆ ಡೋಲಿ ಸಿಗುತ್ತದೆ, ಹತ್ತುವ ಮುಂಚೆಯೇ ಹೋಗಿಬರುವ ದರ ಸೇರಿಸಿ ಮಾತಾಡಿ. ಲಾಂಚ್ ಹತ್ತಿ ಇಳಿಯುವಾಗ ಅಲೆಗೆ ಓಲಾಡುತ್ತದೆ, ಎರಡೂ ಕಡೆ ಕೈ ಹಿಡಿಯಿರಿ. ಚಳಿಗಾಲದಲ್ಲಿ ಕಡಲಹಕ್ಕಿಗಳು ದೋಣಿಯ ಹಿಂದೆ ಗುಂಪಾಗಿ ಹಾರಿ ಬರುತ್ತವೆ. ಜನ ಗಾಠಿಯಾ, ಕುರ್ಕುರೆ ಎಸೆಯುತ್ತಾರೆ. ಮಗನಿಗೆ ಕೊಡಿಸಬೇಡಿ, ಕರಿದ ತಿಂಡಿ ಆ ಹಕ್ಕಿಗಳಿಗೆ ಒಳ್ಳೆಯದಲ್ಲ. ಎಲಿಫೆಂಟಾಗೂ ಸೋಮವಾರವೇ ರಜೆ. ಮೊದಲ ಲಾಂಚ್ ಬೆಳಗ್ಗೆ ಒಂಬತ್ತರ ಸುಮಾರಿಗೆ ಹೊರಡುತ್ತದೆ, ಅದನ್ನೇ ಹಿಡಿದರೆ ಗುಹೆಯಲ್ಲಿ ಗದ್ದಲ ಇರೋದಿಲ್ಲ.